ವರ್ಷದ ಕೊನೆಗೆ ಮಕ್ಕಳಿಗೆ ಏನು ಕೊಡುತ್ತೀರಿ? 32 ಮಕ್ಕಳು, ಕೈಯಲ್ಲಿ 600 ರೂಪಾಯಿ

ಏಳನೇ ಕ್ಲಾಸಿನ ಮಿಸ್, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಈ ವರ್ಷ ಏಳನೇ ತರಗತಿಯಲ್ಲಿ 32 ಮಕ್ಕಳಿದ್ದಾರೆ. ನಾಲ್ಕನೇ ಕ್ಲಾಸಿನಿಂದ ನನ್ನ ಕಣ್ಣ ಮುಂದೆಯೇ ಬೆಳೆದವರು. ರಜೆ ಮುಗಿಸಿ ಬರುವ ಹೊತ್ತಿಗೆ ಬೇರೆ ಹೈಸ್ಕೂಲಿಗೆ ಸೇರಿರುತ್ತಾರೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ನಿಮ್ಮಲ್ಲೂ ಇರಬಹುದು. ಏಳನೇ ಕ್ಲಾಸಿನ ಮಕ್ಕಳು ಬೀಳ್ಕೊಡುಗೆ ದಿನ ತಲೆಗೆ ಇಷ್ಟು ಅಂತ ಹಣ ಹಾಕಿ ಶಾಲೆಗೆ ಏನಾದರೂ ಕೊಟ್ಟು ಹೋಗುತ್ತಾರೆ. ಗೋಡೆ ಗಡಿಯಾರ, ಫ್ಯಾನ್, ಕುರ್ಚಿ ಹೀಗೆ. ನಮ್ಮ ಆಫೀಸ್ ರೂಮಿನಲ್ಲಿ ಈಗ ನಾಲ್ಕು ಗಡಿಯಾರ ಇವೆ. ಕೂಲಿ ಮಾಡುವವರ ಮನೆಯಿಂದ ಬಂದ ದುಡ್ಡು ಅದು. ನಾವು ಅವರಿಗೆ ಕೊಡುವುದು ಒಂದು ಲಾಡು, ಒಂದು ಹಿಡಿ ಖಾರ. ಇದು ಸರಿಯಿಲ್ಲ ಅಂತ ನನಗೆ ಎರಡು ವರ್ಷದಿಂದ ಅನ್ನಿಸುತ್ತಿದೆ. ಈ ಸಲ ಮಕ್ಕಳಿಂದ ಹಣ ಎತ್ತುವುದು ಬೇಡ, ನಾವೇ ಅವರಿಗೆ ಏನಾದರೂ ಕೊಡೋಣ ಅಂತ ಹೆಡ್ ಮೇಷ್ಟ್ರಿಗೆ ಹೇಳಿದೆ, ಅವರೂ ಒಪ್ಪಿದರು.

ಹೋದ ವರ್ಷ ನಾನೇ 32 ಪೆನ್ ತಂದಿದ್ದೆ, 10 ರೂಪಾಯಿಯದು. ಮರುದಿನ ಎರಡು ಪೆನ್ ಮೆಟ್ಟಿಲ ಕೆಳಗೆ ಬಿದ್ದಿದ್ದವು. ಮಕ್ಕಳ ತಪ್ಪಲ್ಲ ಅದು. ಯಾರಿಗೆ ಕೊಟ್ಟರೂ ಆಗುವಂಥ ಪೆನ್, ಯಾರದು ಅಂತ ಗುರುತೇ ಇರಲಿಲ್ಲ. ಈ ಸಲ ನನ್ನ ಕೈಯಲ್ಲಿ 600 ರೂಪಾಯಿ ಇದೆ. ತಲೆಗೆ 18 ಅಥವಾ 19 ರೂಪಾಯಿ. ವರ್ಷದ ಕೊನೆಯ ಎಸ್‌ಎ-2 ಪರೀಕ್ಷೆಗೆ ಇನ್ನು ಮೂರು ವಾರ ಇದೆ. ಏನು ಮಾಡಬಹುದು ಹೇಳಿ. ನೀವು ಮಾಡಿ ನೋಡಿದ್ದನ್ನೇ ಹೇಳಿ, ದಯವಿಟ್ಟು.

ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಮೇಡಂ, 600 ಬೇಡ. 16 ರೂಪಾಯಿ ಸಾಕು.

ಪೋಸ್ಟ್ ಕಾರ್ಡ್ ಇವತ್ತಿಗೂ 50 ಪೈಸೆ. 32 ಕಾರ್ಡಿಗೆ 16 ರೂಪಾಯಿ. ನಾನು ಕೊನೆಯ ಒಂಬತ್ತು ವರ್ಷ ಇದನ್ನೇ ಮಾಡಿದೆ. ಪ್ರತಿ ಮಗುವಿಗೂ ಒಂದು ಕಾರ್ಡ್. ಅದರಲ್ಲಿ ಆ ಮಗುವಿನ ಬಗ್ಗೆ, ಆ ಮಗುವಿನ ಬಗ್ಗೆ ಮಾತ್ರ, ನಾಲ್ಕು ಸಾಲು.

“ನೀನು ಒಳ್ಳೆಯ ಹುಡುಗ, ಚೆನ್ನಾಗಿ ಓದು” ಅಂತ ಬರೆದರೆ ಅದೂ ನಿಮ್ಮ ಪೆನ್ನಿನ ಹಾಗೆ ಮೆಟ್ಟಿಲ ಕೆಳಗೇ ಹೋಗುತ್ತದೆ. ನೋಡಿದ್ದನ್ನು ಬರೆಯಬೇಕು. ಒಬ್ಬನಿಗೆ ಹೀಗೆ ಬರೆದಿದ್ದೆ: “ಮಗ್ಗಿ ಹೇಳುವಾಗ ನಿನ್ನ ತುಟಿ ಮಾತ್ರ ಅಲ್ಲಾಡುತ್ತದೆ, ಸದ್ದು ಬರುವುದಿಲ್ಲ. ಆದರೆ ಉತ್ತರ ಒಂದು ದಿನವೂ ತಪ್ಪಿಲ್ಲ.” ಒಬ್ಬಳಿಗೆ: “ಬಿಸಿಯೂಟಕ್ಕೆ ಕೂರುವ ಮೊದಲು ಒಂದನೇ ಕ್ಲಾಸಿನವರ ತಟ್ಟೆ ಎಲ್ಲ ಬಂತಾ ಅಂತ ನೋಡಿ ಆಮೇಲೆ ನೀನು ಕೂರುತ್ತಿದ್ದೆ. ನಾನು ಅದನ್ನು ಕಿಟಕಿಯಿಂದ ನೋಡಿದ್ದೇನೆ.”

ಒಂದು ದಿನಕ್ಕೆ ನಾಲ್ಕೇ ಬರೆಯಿರಿ. ಜಾಸ್ತಿ ಬರೆದರೆ ಎಲ್ಲ ಒಂದೇ ಥರ ಆಗಿಬಿಡುತ್ತದೆ. ಹಾಜರಿ ಪುಸ್ತಕ ಮುಂದೆ ಇಟ್ಟುಕೊಂಡು ಒಂದೊಂದೇ ಹೆಸರಿನ ಮೇಲೆ ಬೆರಳಿಡಿ. ಕೆಲವು ಹೆಸರಿನ ಹತ್ತಿರ ಪೆನ್ ನಿಂತುಬಿಡುತ್ತದೆ, ಏನೂ ನೆನಪಿಗೆ ಬರುವುದಿಲ್ಲ. ಮೊದಲ ವರ್ಷ ನನಗೆ ಏಳು ಮಕ್ಕಳ ಹತ್ತಿರ ಹಾಗಾಯಿತು. ತಂಟೆ ಮಾಡದ, ಮೊದಲ ಸ್ಥಾನಕ್ಕೂ ಬರದ, ಮಧ್ಯದ ಸಾಲಿನಲ್ಲಿ ಸುಮ್ನೆ ಕೂರುವ ಮಕ್ಕಳು. ಅಂಥವರ ಹೆಸರು ಬೇರೆ ಹಾಳೆಯಲ್ಲಿ ಬರೆದುಕೊಂಡು ಮುಂದಿನ ವಾರ ಪೂರ್ತಿ ಅವರನ್ನು ಗಮನಿಸಿ. ನಿಮಗೆ ಮೂರು ವಾರ ಇದೆಯಲ್ಲ, ಸಾಕು.

ರಜೆಯಲ್ಲಿ ಅಂಚೆಗೆ ಹಾಕಿ. ಪೋಸ್ಟ್‌ಮ್ಯಾನ್ ಬಂದು ಮಗುವಿನ ಹೆಸರು ಹಿಡಿದು ಕರೆದು ಕೊಡಬೇಕು. ಬಹಳ ಮಕ್ಕಳಿಗೆ ತಮ್ಮ ಹೆಸರಿಗೆ ಬಂದ ಮೊದಲ ಕಾಗದ ಅದೇ ಆಗಿರುತ್ತದೆ.

ಗುರುಮಾತೆ, ರಾಯಚೂರು ಜಿಲ್ಲೆ

ಗುರುಗಳೇ, ನಿಮ್ಮ ಮಾತು ಚೆನ್ನಾಗಿದೆ. ಆದರೆ ನಮ್ಮ ಕಡೆ ರಜೆಯಲ್ಲಿ ಅಂಚೆಗೆ ಹಾಕಿದರೆ ಮನೆಗೆ ಬೀಗ ಇರುತ್ತದೆ. ಬೇಸಿಗೆ ಬಂತು ಅಂದರೆ ಗುಳೆ. ಅಪ್ಪ ಅಮ್ಮ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಕ್ಕಳೂ ಜೊತೆಗೆ. ಕೆಲವರು ಪರೀಕ್ಷೆಗೂ ಮೊದಲೇ ಹೊರಡುತ್ತಾರೆ. ಹಾಗಾಗಿ ಏನು ಕೊಟ್ಟರೂ ನಾನು ಫೆಬ್ರವರಿ ಕೊನೆಗೇ ತಯಾರು ಇಟ್ಟುಕೊಳ್ಳುತ್ತೇನೆ. ಹೊರಡುವ ಮಗು ಒಂದು ದಿನ ಮುಂಚೆ ಹೇಳುತ್ತದೆ, “ಅಕ್ಕೋರೆ, ನಾಳೆ ಹೊರಟೆವು” ಅಂತ. ಆಗ ಕೈಯಲ್ಲಿ ಇರಬೇಕು.

ನಾನು ಕೊಡುವುದು ರಫ್ ನೋಟ್‌ಬುಕ್. ಅಂಗಡಿಯದಲ್ಲ, ಹೊಲಿದದ್ದು. ನಮ್ಮ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಶೂ ಸರ್ಕಾರದಿಂದ ಬರುತ್ತವೆ, ನೋಟ್‌ಬುಕ್ ಮಾತ್ರ ಮನೆಯವರೇ ತರಬೇಕು. ವರ್ಷದ ಕೊನೆಗೆ ಪ್ರತಿ ಮಗುವಿನ ಹತ್ತಿರ ಆರೇಳು ನೋಟ್‌ಬುಕ್ ಇರುತ್ತದೆ, ಒಂದೊಂದರಲ್ಲೂ ಹತ್ತು ಹದಿನೈದು ಹಾಳೆ ಖಾಲಿ.

ಮಾಡುವುದು ಹೀಗೆ. ಮಧ್ಯದಲ್ಲಿ ಪಿನ್ ಹೊಡೆದ ನೋಟ್‌ಬುಕ್ ಆದರೆ ಕೊನೆಯ ಖಾಲಿ ಹಾಳೆಯ ಇನ್ನೊಂದು ಅರ್ಧ ಮೊದಲ ಪುಟ ಆಗಿರುತ್ತದೆ, ಅದರಲ್ಲಿ ಬರೆದಿರುತ್ತಾರೆ. ಹಾಗಾಗಿ ಎಳೆದು ಹರಿಯಬೇಡಿ. ಪಿನ್ ಬಿಚ್ಚಿ, ಮಡಿಕೆಯ ಮೇಲೆ ಸ್ಕೇಲ್ ಒತ್ತಿ ಹಿಡಿದು ಒಂದೊಂದೇ ಬಿಡಿಸಿ. ಅರವತ್ತು ಹಾಳೆ ಆದ ಮೇಲೆ ನಾಲ್ಕೂ ಬದಿ ನೆಲಕ್ಕೆ ಕುಟ್ಟಿ ಸಮ ಮಾಡಿ. ಎಡಗಡೆ ಅಂಚಿನಿಂದ ಒಂದು ಬೆರಳಿನ ಅಗಲ ಬಿಟ್ಟು ದಬ್ಬಣದಲ್ಲಿ ಮೂರು ತೂತು. ಗೋಣಿಚೀಲ ಹೊಲಿಯುವ ದಾರ ನಡುವಿನ ತೂತಿನಿಂದ ಶುರು ಮಾಡಿ, ಮೇಲೆ ಹೋಗಿ, ಕೆಳಗೆ ಬಂದು, ಮತ್ತೆ ನಡುವಿಗೇ ತಂದು ಗಂಟು ಹಾಕಿ. ಹೊದಿಕೆಗೆ ಹಳೆ ಲಗ್ನಪತ್ರಿಕೆ. ಗಟ್ಟಿ ಕಾಗದ, ಹೊಳಪು ಬೇರೆ, ಮಕ್ಕಳಿಗೆ ಬಹಳ ಇಷ್ಟ. ಮೈದಾ ಅಂಟು ಹಚ್ಚಿ ರಾತ್ರಿಯಿಡೀ ಹಲಗೆ ಕೆಳಗೆ ಇಟ್ಟರೆ ಬೆಳಿಗ್ಗೆ ಗಟ್ಟಿ ಪುಸ್ತಕ.

ಮಕ್ಕಳೇ ಹಾಳೆ ಬಿಡಿಸುತ್ತಾರೆ, ತೂತು ನಾನು ಹಾಕುತ್ತೇನೆ. ದಬ್ಬಣ ಚಿಕ್ಕವರ ಕೈಗೆ ಕೊಡಬೇಡಿ. ಖರ್ಚು ದಾರಕ್ಕೆ 30, ಮೈದಾಕ್ಕೆ 20. ಮೊದಲ ಪುಟದಲ್ಲಿ ಮಗುವಿನ ಹೆಸರು ನನ್ನ ಕೈಯಲ್ಲೇ ಬರೆಯುತ್ತೇನೆ. ಬೇರೆ ಊರಲ್ಲಿ, ಶೆಡ್ಡಿನಲ್ಲಿ ಎರಡು ತಿಂಗಳು ಇರುವ ಮಗುವಿಗೆ ಬರೆಯಲು ಒಂದು ಪುಸ್ತಕ ಇದ್ದರೆ ಅಕ್ಷರ ಕೈತಪ್ಪುವುದಿಲ್ಲ. ನಾನು ಕಂಡಿದ್ದೇನೆ. ಜೂನ್‌ನಲ್ಲಿ ಒಬ್ಬ ಹುಡುಗ ಅದನ್ನು ವಾಪಸ್ ತಂದು ತೋರಿಸಿದ. ಪೂರ್ತಿ ಅಪ್ಪನ ಕೂಲಿ ಲೆಕ್ಕ ಬರೆದಿದ್ದ, ದಿನಾಂಕ ಸಮೇತ. ಒಂದು ಕೂಡಿಸುವ ಲೆಕ್ಕವೂ ತಪ್ಪಿರಲಿಲ್ಲ.

ಬೆಂಗಳೂರಿನ ಟೀಚರ್, ಎರಡನೇ ತರಗತಿ

ನಾನು ಖಾಸಗಿ ಶಾಲೆ. ನಮ್ಮಲ್ಲಿ ಬೇರೆ ತೊಂದರೆ. ಒಂದು ಸೆಕ್ಷನ್ ಟೀಚರ್ ಬಣ್ಣದ ಪೌಚ್ ಕೊಟ್ಟರೆ ಮರುದಿನ ಇನ್ನೊಂದು ಸೆಕ್ಷನ್ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಅದೇ ಮಾತು. ಹಾಗಾಗಿ ಮೂರು ಸೆಕ್ಷನ್ ಟೀಚರ್‌ಗಳು ಕೂತು ಒಂದೇ ಮೊತ್ತ ಅಂತ ಮಾಡಿಕೊಂಡೆವು. ತಲೆಗೆ 15 ರೂಪಾಯಿ, ಮೀರುವಂತಿಲ್ಲ. ಅವೆನ್ಯೂ ರಸ್ತೆಯಲ್ಲಿ ಸಗಟು ಅಂಗಡಿಗೆ ಒಟ್ಟಿಗೆ ಹೋದರೆ ಪೆನ್ಸಿಲ್, ಕ್ರೇಯಾನ್ ಡಜನ್ ಲೆಕ್ಕದಲ್ಲಿ ಕಡಿಮೆಗೆ ಸಿಗುತ್ತವೆ.

ಒಂದೇ ಮಾತು ಹೇಳುತ್ತೇನೆ. ಹೆಣ್ಣುಮಕ್ಕಳಿಗೆ ಕ್ಲಿಪ್, ಬಳೆ, ಗಂಡುಮಕ್ಕಳಿಗೆ ಚೆಂಡು ಅಂತ ಹಂಚಬೇಡಿ. ನಾನು ಒಂದು ವರ್ಷ ಹಾಗೆ ಮಾಡಿದೆ. ಒಬ್ಬಳು ಕ್ಲಿಪ್ ಕೈಯಲ್ಲಿ ಹಿಡಿದುಕೊಂಡು ಚೆಂಡನ್ನೇ ನೋಡುತ್ತಾ ನಿಂತಿದ್ದಳು. ಇವತ್ತಿಗೂ ನೆನಪಾದರೆ ಬೇಜಾರಾಗುತ್ತದೆ.

ಅತಿಥಿ ಶಿಕ್ಷಕಿ, ತುಮಕೂರು ಜಿಲ್ಲೆ

ನನಗೆ ಇದನ್ನು ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ನನ್ನ ಗೌರವಧನ ತಿಂಗಳು ತಿಂಗಳು ಸರಿಯಾಗಿ ಕೈಗೆ ಬರುವುದಿಲ್ಲ. ಏಪ್ರಿಲ್ ಬಂದರೆ ಕೆಲಸವೂ ಮುಗಿಯುತ್ತದೆ, ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ. ಪಕ್ಕದ ಕ್ಲಾಸಿನ ಕಾಯಂ ಟೀಚರ್ ಎಲ್ಲರಿಗೂ ಜ್ಯಾಮಿಟ್ರಿ ಬಾಕ್ಸ್ ಕೊಟ್ಟರು. ನನ್ನ ಮಕ್ಕಳು ಬಂದು “ಮಿಸ್, ನಮಗೆ?” ಅಂದರು. ಆ ದಿನ ನನ್ನ ಪರ್ಸಿನಲ್ಲಿ ಬಸ್ ಚಾರ್ಜು ಬಿಟ್ಟು ಬೇರೆ ಇರಲಿಲ್ಲ.

ಕೊಡುವವರು ಕೊಡಲಿ, ಒಳ್ಳೆಯದೇ. ಆದರೆ ಫೋಟೋ ತೆಗೆದು ಸ್ಟೇಟಸ್ ಹಾಕಬೇಡಿ. ಇದು ಎಲ್ಲ ಶಿಕ್ಷಕರೂ ಮಾಡಲೇಬೇಕಾದ ಕೆಲಸ ಅಂತ ಆಗಬಾರದು. ಕೈಯಿಂದ ದುಡ್ಡು ಹಾಕದವರಿಗೆ ಮಕ್ಕಳ ಮೇಲೆ ಪ್ರೀತಿ ಇಲ್ಲ ಅಂತಲ್ಲ.

ಏಳನೇ ಕ್ಲಾಸಿನ ಮಿಸ್, ಹಾಸನ ಜಿಲ್ಲೆ

ನೀವು ಹೇಳಿದ್ದು ಒಳ್ಳೆಯದಾಯಿತು. ನಮ್ಮ ಶಾಲೆಯಲ್ಲೂ ಆರನೇ ಕ್ಲಾಸಿಗೆ ಅತಿಥಿ ಶಿಕ್ಷಕಿ ಇದ್ದಾರೆ. ನಾನು ಅವರನ್ನು ಕೇಳದೆಯೇ ಹೆಡ್ ಮೇಷ್ಟ್ರ ಹತ್ತಿರ ಮಾತಾಡಿದ್ದೆ. ನಾಳೆ ಮೊದಲು ಅವರ ಜೊತೆ ಕೂರುತ್ತೇನೆ. ಫೋಟೋ ಹಾಕುವುದಿಲ್ಲ.

ಮೇಷ್ಟ್ರೇ, ನಿನ್ನೆ ರಾತ್ರಿ ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಕೂತೆ. ಐದು ಹೆಸರಿನ ಹತ್ತಿರ ನಿಂತೆ. ನಾಲ್ಕು ವರ್ಷ ದಿನಾ ಹೆಸರು ಕರೆದಿದ್ದೇನೆ, “ಎಸ್ ಮಿಸ್” ಅಂದಿದ್ದಾರೆ, ಅಷ್ಟೇ ಗೊತ್ತು. ನಿದ್ದೆ ಬರಲಿಲ್ಲ.

ಕಾಸರಗೋಡಿನ ಟೀಚರ್

ನಮ್ಮದು ಕನ್ನಡ ಮಾಧ್ಯಮ ಶಾಲೆ, ಕೇರಳದ ಲೆಕ್ಕ. ಮಾರ್ಚ್ ಕೊನೆಗೇ ಮುಗಿಯುತ್ತದೆ. ನಾನು ಮೂರು ವರ್ಷದಿಂದ ಬೀಜ ಕೊಡುತ್ತಿದ್ದೇನೆ. ಅಲಸಂಡೆ, ಬೆಂಡೆ, ಹೀರೆ, ಮುಳ್ಳುಸೌತೆ. ಅಂಗಡಿಯಿಂದ ತರುವುದಿಲ್ಲ, ನಮ್ಮ ಮನೆಯದು ಮತ್ತು ನೆರೆಮನೆಯವರದು. ಒಣಗಿಸಿ, ಸ್ವಲ್ಪ ಬೂದಿ ಬೆರೆಸಿ ಇಟ್ಟರೆ ಹುಳ ಬರುವುದಿಲ್ಲ. ಪತ್ರಿಕೆಯ ಹಾಳೆ ಮಡಚಿ ಪೊಟ್ಟಣ ಮಾಡಿ, ಅದರ ಮೇಲೆ ಮಗುವಿನ ಹೆಸರು. ಒಂದು ಪೊಟ್ಟಣದಲ್ಲಿ ಆರೇಳು ಬೀಜ. ಕಡಿಮೆ ಇದ್ದರೆ ಮಕ್ಕಳು ಜೋಪಾನ ಮಾಡುತ್ತಾರೆ.

ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆಯ ದಿನ) ಕಳೆದು ಮೊದಲ ಮಳೆ ಬಿದ್ದ ಮೇಲೆ ಬಿತ್ತಿ ಅಂತ ಹೇಳಿರುತ್ತೇನೆ. ಶಾಲೆ ಶುರುವಾಗುವ ಹೊತ್ತಿಗೆ ಎರಡು ಎಲೆ ಬಂದಿರುತ್ತದೆ. ಬಂದ ದಿನವೇ ಅದರ ಸುದ್ದಿ ಹೇಳುತ್ತಾರೆ. ಸುಮಾರು ಅರ್ಧ ಮಕ್ಕಳದ್ದು ಮೊಳೆಯುವುದಿಲ್ಲ, ಅಥವಾ ಕೋಳಿ ಕೆದಕುತ್ತದೆ. ಅವರಿಗೆ ಎರಡನೇ ಸಲಕ್ಕೆ ಅಂತ ನನ್ನ ಹತ್ತಿರ ಒಂದು ಡಬ್ಬಿ ಬೀಜ ತೆಗೆದಿಟ್ಟಿರುತ್ತೇನೆ.

ಪುಸ್ತಕದ ಹುಚ್ಚಿನ ಮೇಷ್ಟ್ರು, ಧಾರವಾಡ

ಪುಸ್ತಕದ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ, ನಾನು ಹೇಳುತ್ತೇನೆ. 19 ರೂಪಾಯಿಗೆ ಒಳ್ಳೆಯ ಹೊಸ ಪುಸ್ತಕ ಸಿಗುವುದು ಕಷ್ಟ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯ ಮಾಲೆ, ನವಕರ್ನಾಟಕದ ಮಕ್ಕಳ ಪುಸ್ತಕಗಳು ಬೇರೆಯವಕ್ಕಿಂತ ಅಗ್ಗ, ಆದರೂ 32 ಕೊಳ್ಳಲು ನಿಮ್ಮ ಹಣ ಸಾಲದು.

ಇನ್ನೊಂದು ದಾರಿ ಇದೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅಂತ ತಾಣ ಇದೆ. ಅದರಲ್ಲಿ ಕನ್ನಡದ ಚಿತ್ರಕಥೆಗಳು ಬಹಳ ಇವೆ, ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ಬರೆದವರ, ಚಿತ್ರ ಬಿಡಿಸಿದವರ, ಅನುವಾದಿಸಿದವರ ಹೆಸರಿರುವ ಪುಟ ಮಾತ್ರ ತೆಗೆಯಬಾರದು. ಹನ್ನೆರಡು ಪುಟದ ಕಥೆಯನ್ನು ಹಾಳೆಯ ಎರಡೂ ಬದಿಗೆ, ಬದಿಗೆ ಎರಡು ಪುಟದಂತೆ ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿದರೆ ಮೂರು ಹಾಳೆ. ನಮ್ಮ ಕಡೆ ಅದಕ್ಕೆ ಹತ್ತು ಹನ್ನೆರಡು ರೂಪಾಯಿ. ಚಿತ್ರಕ್ಕೆ ಬಣ್ಣ ಮಕ್ಕಳೇ ತುಂಬುತ್ತಾರೆ. ಓದಲು ಇನ್ನೂ ತಡವರಿಸುವ ಮಗುವಿಗೆ ಮೊದಲ ಹಂತದ ಕಥೆ, ಚೆನ್ನಾಗಿ ಓದುವವರಿಗೆ ನಾಲ್ಕನೇ ಹಂತದ್ದು. ಆದರೆ ಹಂತದ ಸಂಖ್ಯೆ ಮೇಲೆ ಕಾಣುವ ಹಾಗೆ ಬಿಡಬೇಡಿ. ಏಳನೇ ಕ್ಲಾಸಿನ ಮಕ್ಕಳು ಅದನ್ನು ಮೊದಲು ನೋಡುತ್ತಾರೆ, ತಡವರಿಸುವ ಹುಡುಗ ಪುಸ್ತಕವನ್ನು ಚೀಲದಿಂದ ಹೊರಗೇ ತೆಗೆಯುವುದಿಲ್ಲ.

ಲೈನ್‌ಮನ್, ದಾವಣಗೆರೆ ಕಡೆ

ನಾನು ಶಿಕ್ಷಕ ಅಲ್ಲ. ನನ್ನ ಹೆಂಡತಿ ಶಿಕ್ಷಕಿ, ಅವಳ ಫೋನಿನಲ್ಲಿ ಇದನ್ನು ಓದಿದೆ. ಪಡೆದುಕೊಂಡವನ ಕಡೆಯಿಂದ ಒಂದು ಹೇಳುತ್ತೇನೆ.

2006ರಲ್ಲಿ ನಾನು ಏಳನೇ ಕ್ಲಾಸು ಮುಗಿಸಿದೆ. ಶಾಲೆಯ ಹಾಳಾದ ರೇಡಿಯೋ ಬಿಚ್ಚಿ ಅದರೊಳಗೆ ಏನಿದೆ ಅಂತ ನೋಡಿ ಪೆಟ್ಟು ತಿಂದಿದ್ದೆ. ಹೊಡೆದದ್ದು ಬೇರೆಯವರು. ಕೊನೆಯ ದಿನ ನಮ್ಮ ಕ್ಲಾಸ್ ಮೇಷ್ಟ್ರು ಒಂದು ಬೆಂಕಿಪೊಟ್ಟಣ ಕೊಟ್ಟರು. ಒಳಗೆ ಒಂದು ಟಾರ್ಚ್ ಬಲ್ಬು, ಸುತ್ತಿದ ಒಂದು ಮೊಳ ವೈರು. “ಸೆಲ್ಲು ನೀನು ಹುಡುಕಿಕೋ” ಅಂತ ಚೀಟಿ. ಆಗ ಎಲ್ಲ ಸೇರಿ ನಾಲ್ಕೈದು ರೂಪಾಯಿ ಆಗಿರಬಹುದು. ಹಳೆ ಸೆಲ್ ಹುಡುಕಿ ಅದೇ ರಾತ್ರಿ ಹೊತ್ತಿಸಿದೆ. ಅವ್ವನನ್ನು ಎಬ್ಬಿಸಿ ತೋರಿಸಿದೆ.

ಬೇರೆಯವರಿಗೆ ಬೇರೆ ಬೇರೆ ಕೊಟ್ಟಿದ್ದರು, ಎಲ್ಲವೂ ಬೆಂಕಿಪೊಟ್ಟಣದಲ್ಲೇ. ಒಬ್ಬನಿಗೆ ಗೋಲಿ, ಒಬ್ಬಳಿಗೆ ಬಣ್ಣದ ದಾರ, ಇನ್ನೊಬ್ಬನಿಗೆ ಮೀನಿನ ಗಾಳ. ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತಿತ್ತು, ಅದಕ್ಕೇ ಜಗಳ ಆಗಲಿಲ್ಲ ಅಂತ ಈಗ ಅನ್ನಿಸುತ್ತದೆ. ಬಲ್ಬು ಯಾವಾಗಲೋ ಹೋಯಿತು. ಚೀಟಿ ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇಟ್ಟ ಕವರಿನಲ್ಲಿದೆ.

ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಈ ತಮ್ಮ ಹೇಳಿದ್ದನ್ನು ನಾನು ಎರಡು ಸಲ ಓದಿದೆ. ಆ ಮೇಷ್ಟ್ರು ಇನ್ನೂ ಇದ್ದಾರಾ? ಇದ್ದರೆ ಹೋಗಿ ಹೇಳಿ ಬನ್ನಿ.

ಲೈನ್‌ಮನ್, ದಾವಣಗೆರೆ ಕಡೆ

ಇದ್ದಾರೆ ಸರ್. ಅವರ ಬೀದಿಯ ಕಂಬ ನನ್ನ ಏರಿಯಾದಲ್ಲೇ ಬರುತ್ತದೆ. ಚೀಟಿ ತೋರಿಸಿಲ್ಲ ಇನ್ನೂ. ಈ ಭಾನುವಾರ ಹೋಗುತ್ತೇನೆ.

ಬೆಂಗಳೂರಿನ ಟೀಚರ್, ಎರಡನೇ ತರಗತಿ

ಗುಂಪು ಫೋಟೋ ಬಗ್ಗೆ ಯೋಚಿಸಿದ್ದೀರಾ ಮೇಡಂ? ಸ್ಟುಡಿಯೋದಲ್ಲಿ ಸಣ್ಣ ಪ್ರಿಂಟ್ 10 ರೂಪಾಯಿಗೆ ಮಾಡಿಕೊಡುತ್ತಾರೆ. ಬೇರೆ ಬೇರೆ ಹೈಸ್ಕೂಲಿಗೆ ಹೋಗುವ ಮಕ್ಕಳಿಗೆ ಅದೂ ಬೇಕಾಗುತ್ತದೆ. ಕೈಗೆ ಕೊಡುವುದಷ್ಟೇ, ಎಲ್ಲೂ ಹಾಕುವುದು ಬೇಡ.

ಏಳನೇ ಕ್ಲಾಸಿನ ಮಿಸ್, ಹಾಸನ ಜಿಲ್ಲೆ

ಏಪ್ರಿಲ್ 10, ಶಾಲೆಯ ಕೊನೆಯ ದಿನ, ಮುಗಿಯಿತು. ಏನಾಯಿತು ಅಂತ ಹೇಳಬೇಕಲ್ಲ, ಬರೆಯುತ್ತಿದ್ದೇನೆ.

ಆರನೇ ಕ್ಲಾಸಿನ ಅತಿಥಿ ಶಿಕ್ಷಕಿ ಜೊತೆ ಕೂತು ಮಾತಾಡಿದೆ. ರಫ್ ನೋಟ್‌ಬುಕ್ ವಿಷಯ ಹೇಳಿದ ಕೂಡಲೇ ಅವರು “ನಮ್ಮಪ್ಪ ಬೈಂಡಿಂಗ್ ಕೆಲಸ ಮಾಡುತ್ತಿದ್ದರು, ಹೊಲಿಯುವುದು ನನಗೆ ಬಿಡಿ” ಅಂದರು. ಹಾಗಾಗಿ ಪುಸ್ತಕ ಅವರು ಹೇಳಿಕೊಟ್ಟರು, ನಮ್ಮ ಎರಡೂ ಕ್ಲಾಸಿಗೆ ಆಯಿತು. ಲಗ್ನಪತ್ರಿಕೆ ಮಕ್ಕಳೇ ಮನೆಯಿಂದ ತಂದರು, ಎರಡೇ ದಿನದಲ್ಲಿ ನೂರಕ್ಕಿಂತ ಜಾಸ್ತಿ ಸೇರಿತು. ದಾರ, ಮೈದಾ ಸೇರಿ 90 ರೂಪಾಯಿ. ಫೋಟೋ ಪ್ರಿಂಟಿಗೆ 320. ಕಾರ್ಡಿಗೆ 16. ನಮ್ಮ ಪೋಸ್ಟ್ ಆಫೀಸಿನಲ್ಲಿ ಅಷ್ಟು ಕಾರ್ಡ್ ಒಟ್ಟಿಗೆ ಇರಲಿಲ್ಲ, ಎರಡು ಸಲ ಹೋದೆ. ಉಳಿದ ಹಣದಲ್ಲಿ ಲಾಡು ತಂದೆವು. ಲಾಡು ಬಿಡುವುದಕ್ಕೆ ಮಕ್ಕಳು ಒಪ್ಪಲಿಲ್ಲ.

ಕಾರ್ಡು ಅಂಚೆಗೆ ಹಾಕಲಿಲ್ಲ, ನೋಟ್‌ಬುಕ್ ಒಳಗೆ ಇಟ್ಟು ಕೈಗೇ ಕೊಟ್ಟೆ. ಆ ಐದು ಮಕ್ಕಳನ್ನು ಮೂರು ವಾರ ಗಮನಿಸಿದೆ. ಒಬ್ಬ ಗಂಟೆ ಹೊಡೆಯುವ ಹುಡುಗ. ಗಡಿಯಾರ ನೋಡದೆಯೇ ಅವನಿಗೆ ಹೊತ್ತು ಗೊತ್ತಾಗುತ್ತದೆ. ಕಿಟಕಿಯ ನೆರಳು ಮೂರನೇ ಬೆಂಚಿನ ಕಾಲಿಗೆ ಬಂದರೆ ಎದ್ದು ಹೋಗುತ್ತಾನೆ. ಅದು ನಾನು ಕಂಡದ್ದು ಮಾರ್ಚ್‌ನಲ್ಲಿ. ಅದನ್ನೇ ಬರೆದು, “ವರ್ಷವಿಡೀ ಒಂದು ದಿನವೂ ನಿನ್ನ ಗಂಟೆ ತಡವಾಗಿಲ್ಲ” ಅಂದಿದ್ದೆ. ಓದಿ, ಸಾಲು ಬಿಟ್ಟು ನನ್ನ ಹತ್ತಿರ ಬಂದ. “ಮಿಸ್, ಜುಲೈನಲ್ಲಿ ಮೋಡ ಇದ್ದಾಗ ಎರಡು ಸಲ ತಡ ಆಗಿತ್ತು” ಅಂದ. ಕಾರ್ಡ್ ವಾಪಸ್ ಇಸಿದುಕೊಂಡು ತಿದ್ದಿ ಕೊಟ್ಟೆ. ತಿದ್ದಿದ ಜಾಗದಲ್ಲಿ ಸಹಿ ಹಾಕಿ ಅಂದ, ಹಾಕಿದೆ.

31 ಕೊಟ್ಟಾಯಿತು. ಒಂದು ಉಳಿದಿದೆ. ಆ ಹುಡುಗಿಯ ಅಪ್ಪ ಅಮ್ಮ ಪರೀಕ್ಷೆ ಮುಗಿದ ದಿನವೇ ಸಕಲೇಶಪುರದ ಕಡೆ ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗಿದ್ದಾರೆ, ಅವಳೂ ಹೋಗಿದ್ದಾಳೆ. ಎಸ್ಟೇಟಿನ ಹೆಸರು ಅವಳ ಚಿಕ್ಕಮ್ಮ ಹೇಳಿದರು. ವಿಳಾಸ ಪೂರ್ತಿ ಇಲ್ಲ. ತೋಟದ ಕೆಲಸಗಾರರ ಲೈನ್ ಮನೆಯಲ್ಲಿರುವ ಮಗುವಿನ ಹೆಸರಿಗೆ ಕಾರ್ಡ್ ಹಾಕಿದರೆ ಸಿಗುತ್ತದಾ? ಆ ಕಡೆಯವರು ಯಾರಾದರೂ ಇದ್ದರೆ ಹೇಳಿ.

ಸಕಲೇಶಪುರ ತಾಲ್ಲೂಕಿನವ

ಸಿಗುತ್ತದೆ ಮೇಡಂ. ಮಗುವಿನ ಹೆಸರು, ಕೆಳಗೆ ಅಪ್ಪನ ಹೆಸರು, ಆಮೇಲೆ “ಎಸ್ಟೇಟ್ ರೈಟರ್ ಮೂಲಕ” ಅಂತ ಬರೆದು ಎಸ್ಟೇಟಿನ ಹೆಸರು ಹಾಕಿ. ತೋಟದ ಟಪಾಲು ರೈಟರೇ ನೋಡಿಕೊಳ್ಳುತ್ತಾರೆ, ಬಟವಾಡೆ ದಿನ ಅವರವರ ಕೈಗೆ ಕೊಡುತ್ತಾರೆ. ಎಸ್ಟೇಟಿನ ಹೆಸರು ನನಗೆ ಮೆಸೇಜ್ ಮಾಡಿ, ಹತ್ತಿರದ ಪೋಸ್ಟ್ ಆಫೀಸ್ ಯಾವುದು, ಪಿನ್ ಎಷ್ಟು ಅಂತ ವಿಚಾರಿಸಿ ಹೇಳುತ್ತೇನೆ. ನೋಟ್‌ಬುಕ್ ಕೂಡ ಇದೆ ಅಲ್ವಾ? ಅದನ್ನು ಬುಧವಾರದ ಒಳಗೆ ಹಾಸನ ಬಸ್ ಸ್ಟ್ಯಾಂಡಿಗೆ ತಂದುಕೊಟ್ಟರೆ ನಾನೇ ತೆಗೆದುಕೊಂಡು ಹೋಗಿ ಕೊಡುತ್ತೇನೆ.